ಬೇಸಿಗೆಗೆ ಬಿಟ್ಟ ಜಾಗ

ಪಂಪಾಸ್ ಬಯಲಿಗೆ ರೈಲು ಬರುವುದು ನಿಂತ ವರ್ಷ
ಲಾ ಕಲಾಂದ್ರಿಯಾ ನಿಲ್ದಾಣದ ಮಾಸ್ತರ ಕಂಬಿ ಕಿತ್ತ,
ಗಡಿಯಾರ ಹೊತ್ತೊಯ್ದ, ಬೆಕ್ಕು ಬಿಟ್ಟುಹೋದ.
ನಿಜವಾಗಿ ಕಂಬಿ ಕಿತ್ತವನು ಮಾತ್ರ
ಎಲ್ಲಿಗೂ ಹೋಗಲಿಲ್ಲ.

ಅನ್ಸೆಲ್ಮೊ ಬಿದಾರ್ತೆ. ಇಪ್ಪತ್ತೊಂಬತ್ತು ವರ್ಷ
ಇದೇ ಹಳಿಯ ಬೋಲ್ಟು ಬಿಗಿದವನು.
ನಡೆದದ್ದನ್ನೆಲ್ಲ ಕೂಡಿಸಿದರೆ ಸಮುದ್ರ ದಾಟುತ್ತಿತ್ತು;
ದಾಟಿದ್ದು ಹನ್ನೊಂದು ಕಿಲೋಮೀಟರು,
ಹೋಗಿ ಬಂದು, ಹೋಗಿ ಬಂದು.
ಗುಜರಿ ಹರಾಜಿನಲ್ಲಿ ನಲವತ್ತು ತುಂಡು ಕೊಂಡ
ಬಾಕಿ ಸಂಬಳದಲ್ಲಿ ಮುರಿದುಕೊಂಡು.

ನನಗಾಗ ಹದಿನೇಳು. ಬೆಸುಗೆ ಕಲಿಯಲು ಬಂದವನು.
ಮೊದಲ ದಿನವೇ ಗರಗಸದ ಹಲ್ಲು ಬೋಳು,
ಹಳಿಯ ಮೈಮೇಲೆ ಬೆಕ್ಕು ಪರಚಿದಷ್ಟು ಗೀರು.
"ನೂರು ವರ್ಷ ಗಾಡಿ ತುಳಿದಿದೆ ಇದರ ನೆತ್ತಿ,
ನಿನಗೆ ಅಂಜುತ್ತದೆಯೆ? ಜುಲೈವರೆಗೆ ತಾಳು."

ಜುಲೈ ಬಂತು. ಬಕೆಟ್ಟಿನ ನೀರು ಗಾಜಾದ ಬೆಳಗ್ಗೆ
ಉಳಿ ಹಿಡಿದು ಸುತ್ತಲೂ ಕಚ್ಚು ಹಾಕಿದ.
ಇಬ್ಬರೂ ತುದಿ ಎತ್ತಿ ಕಲ್ಲಿನ ಮೇಲೆ ಕೈಬಿಟ್ಟೆವು.
ಠಣ್ ಅನ್ನಲಿಲ್ಲ. ಒಣಗಿದ ಜೋಳದ ದಂಟಿನ ಹಾಗೆ
ಚಟ್ಟೆಂದು ಒಂದೇ ಮಾತು.
ಒಳಗೆ ಬೂದು ಹರಳು, ಈಗಷ್ಟೇ ಒಡೆದ ಕಲ್ಲುಸಕ್ಕರೆ.

ಆಮೇಲೆ ತುಂಡಿಗೊಂದು ಚಾಕರಿ.
ಎರಡನ್ನು ಸರಪಳಿ ಬಿಗಿದು ಟ್ರ್ಯಾಕ್ಟರಿನ ಹಿಂದೆ ಕೊರಡು:
ಹೆಂಟೆ ಪುಡಿಯಾಯಿತು, ಕುದುರೆಮಸಾಲೆ ಮೊಳೆಯಿತು.
ಎಂಟನ್ನು ಗುಂಡಿಯ ಮೇಲೆ ಹಾಸಿ ಬಾಗಿಲಿಲ್ಲದ ಹೆಬ್ಬಾಗಿಲು.
ಟ್ರಕ್ಕು ದಾಟುತ್ತದೆ, ದನ ದಾಟುವುದಿಲ್ಲ.
ಗಾಡಿ ಓಡುತ್ತಿದ್ದಾಗ ಹಳಿಯ ಮೇಲೇ ಮಲಗಿ ಸತ್ತ ಜಾತಿ
ಈಗ ಈಚೆಗೇ ನಿಂತು ಕಂಬಿ ಎಣಿಸುತ್ತದೆ.
ಬೇಲಿಯ ಮೂಲೆಗಂಬದ ಮೇಲೆ
ಮಣ್ಣಿನ ಒಲೆಯಂಥ ಗೂಡು ಕಟ್ಟಿತು ಒಂದು ಕಂದು ಹಕ್ಕಿ,
ಗಾಳಿಗೆ ಬೆನ್ನು ಮಾಡಿ.
ಮೊಳದುದ್ದದ್ದು ಅಡಿಗಲ್ಲಾಯಿತು. ನಾನು ಮಲಗಿಸಿದ್ದೆ,
ಹಳಿಯೆಂದರೆ ಮಲಗಿರುವುದೇ ಅಲ್ಲವೆ ಎಂದು.
ಅವನು ಎತ್ತಿ ನಿಲ್ಲಿಸಿದ:
"ಮಲಗಿದ್ದಕ್ಕೆ ಹೊಡೆದರೆ ನಿನ್ನ ಕೈಗೇ ಪುಟಿಯುತ್ತದೆ.
ನಿಂತದ್ದಕ್ಕೆ ಹೊಡೆ, ಏಟು ನೆಲದವರೆಗೂ ಇಳಿಯಲಿ."

ಅವನದೊಂದು ಚಟ. ಎಲ್ಲಿ ಏನು ಜೋಡಿಸಿದರೂ
ಬೆರಳಗಲ ಸಂದು ಬಿಡುವುದು.
"ಬೇಸಿಗೆಗೆ ಜಾಗ ಬೇಕು. ಬಿಡದಿದ್ದರೆ ಹಳಿ ಹಾವಾಗುತ್ತದೆ."
ಊಟದ ಮೇಜಿನ ಹಲಗೆಗಳ ನಡುವೆಯೂ ಬಿಟ್ಟಿದ್ದ;
ಒರ್ತೆನ್ಸಿಯಾ ಸುಟ್ಟ ಬ್ರೆಡ್ಡಿನ ಚೂರೆಲ್ಲ ಅದರೊಳಗೇ.

ಕೊನೆಗೆ ಉಳಿದದ್ದು ಎರಡು ತುಂಡು.
ಷೆಡ್ಡಿನ ಸೂರಿನಡಿ ಉದ್ದಕ್ಕೆ ತೂಗಿಸಿ
ಗಾಲಿಯ ರಾಟೆ ಓಡಿಸಿದೆವು, ಎಂಜಿನ್ನು ಎತ್ತಲು.
ಒಂಬತ್ತು ಮೀಟರು. ನಡುವೆ ಸಂದು.
ದಾಟುವಾಗಲೆಲ್ಲ ಟಕ್-ಟಕ್.
"ಭಾರ ಕುಲುಕುತ್ತದೆ, ಮುಚ್ಚಬಾರದೆ?" ಎಂದಳು ಒರ್ತೆನ್ಸಿಯಾ.
ನೆರಳಲ್ಲಿರುವ ಕಬ್ಬಿಣಕ್ಕೆ ಎಂಥ ಬೇಸಿಗೆ?

ಒಂದು ಶನಿವಾರ ಅವನು ಪೇಟೆಗೆ ಹೋದಾಗ
ನಾನೇ ಮುಚ್ಚಿದೆ. ಕಾಯಿಸಿ, ಬೆಸೆದು, ಉಜ್ಜಿ,
ಸವರುವ ಬೆರಳಿಗೂ ಸಿಗದ ಹಾಗೆ.
ನನ್ನ ಮೊದಲ ಒಳ್ಳೆಯ ಬೆಸುಗೆ.
ಸಂಜೆ ಬಂದವನು ರಾಟೆ ತಳ್ಳಿದ.
ಸದ್ದಿಲ್ಲದೆ ಹೋಯಿತು ಆ ತುದಿಗೆ.
ಇನ್ನೊಮ್ಮೆ ತಳ್ಳಿದ.
"ಕೆಲಸ ಚೆನ್ನಾಗಿದೆ," ಎಂದ.
ಬುರುಡೆಯ ಕಹಿ ಕಷಾಯ ಅರ್ಧಕ್ಕೇ ಬಿಟ್ಟು
ಒಳಗೆ ಹೋದ.

ಸೋಮವಾರ ಬೆಳಗ್ಗೆ ಬಾಗಿಲ ಬಳಿಯ ಮೇಜಿನ ಮೇಲೆ
ಹಲ್ಲುದುರಿದ ಬ್ಲೇಡು ನಾಲ್ಕು.
ನೆಲದಲ್ಲಿ ಬೂದುಹುಡಿಯ ಒಂದು ಗೆರೆ.
ಷೆಡ್ಡಿನ ಕತ್ತಲಲ್ಲಿ, ಕೊಕ್ಕೆಗೆ ಏನೂ ಇಲ್ಲದೆ,
ರಾಟೆ ಹೋಗಿ ಬರುತ್ತಿತ್ತು,
ಟಕ್-ಟಕ್.
ನಾನು ಹೊಸಿಲಲ್ಲೇ ನಿಂತೆ,
ಗೇಟು ಹಾಕಿದಾಗ ಜನ ನಿಲ್ಲುವ ಹಾಗೆ,
ದಾಟಿಹೋಗಲಿ ಎಂದು.